ಕಾರ್ಡ್ ಹಾಕಿಲ್ಲ

ಗುಂಡಿ ಒತ್ತಿದರೆ ಸಾಕು, ಡ್ಯಾಶ್‌ಬೋರ್ಡಿನೊಳಗಿಂದ
ಒಬ್ಬ ಹೆಂಗಸು ಜಪಾನಿಯಲ್ಲಿ ಏನೋ ಹೇಳುತ್ತಾಳೆ.
ನಾಲ್ಕು ವರ್ಷದಿಂದ ಅದೇ ಮಾತು, ಅದೇ ದನಿ,
ಕೊನೆಯಲ್ಲೊಂದು ಮೆತ್ತನೆಯ ಇಳಿತ,
ಮಲಗಿದ ಕೂಸನ್ನು ಕೆಳಗಿಟ್ಟ ಹಾಗೆ.

ಉಲಾನ್‌ಬಾತರಿನ ಅರ್ಧ ಕಾರುಗಳ ಕತೆ ಇದೇ:
ಹಡಗಿನಲ್ಲಿ ಬಂದು ರೈಲು ಹತ್ತಿದವು.
ಸ್ಟೀರಿಂಗೂ ಬಲಕ್ಕೆ, ಓಡಿಸುವುದೂ ಬಲಕ್ಕೆ,
ಲಾರಿ ದಾಟಲು ಪಕ್ಕದ ಸೀಟಿನವರ
ಕಣ್ಣು ಕಡ ಕೇಳಬೇಕು.

ನಾನು ಹೊರಡುವಾಗ ಅವ್ವ ಸೌಟಿನಲ್ಲಿ ಹಾಲು ತಂದು
ನಾಲ್ಕು ಟೈರಿಗೂ ಚಿಮುಕಿಸುತ್ತಾಳೆ.
ಒಳಗಿನ ಹೆಂಗಸು ಮಾತು ಮುಗಿಸುವವರೆಗೆ ಕಾದು
‘ಹೌದು ತಾಯಿ, ನಿನ್ನ ಬಾಯಿ ಹರಕೆ’ ಅನ್ನುತ್ತಾಳೆ.

ಪರದೆ ತುಂಬ ಬೂದು ಬಣ್ಣ.
ನಮ್ಮ ದೇಶ ಆ ನಕ್ಷೆಯಲ್ಲಿಲ್ಲ.
ನಡುವೆ ಒಂದು ನೀಲಿ ತ್ರಿಕೋನ, ಅದು ನಾನು.
ಮೂಲೆಯಲ್ಲಿ ಉಪಗ್ರಹ ಒಂಬತ್ತು, ಸಿಗ್ನಲ್ ಭರ್ತಿ.
ಮೇಲಿಂದ ನೋಡುತ್ತವೆ ಅಂತ ಎಲ್ಲರೂ ಹೇಳುತ್ತಾರೆ, ಸುಳ್ಳು;
ಅವು ಬರೀ ಹೊತ್ತು ಕೂಗುತ್ತವೆ,
ಕೇಳಿಸಿಕೊಂಡವರು ಲೆಕ್ಕ ಹಾಕಿಕೊಳ್ಳಬೇಕು.
ಗಡಿಯಾರ ಮಾತ್ರ ಇನ್ನೂ ಜಪಾನಿನದು:
ನನ್ನ ಹಸಿವಿಗಿಂತ ಒಂದು ಗಂಟೆ ಮುಂದೆ.

ಉತ್ತರ ಮೇಲಿರಲೋ, ಹೋಗುವ ದಿಕ್ಕು ಮೇಲಿರಲೋ?
ಅದಕ್ಕೆ ಗೊತ್ತಿರುವುದು ಎರಡೇ.
ನಮ್ಮ ಮಾತಿನಲ್ಲಿ ದಕ್ಷಿಣವೆಂದರೆ ‘ಮುಂದೆ’,
ಡೇರೆಯ ಬಾಗಿಲು ತೆರೆಯುವ ಕಡೆ;
ಉತ್ತರ ಬೆನ್ನ ಹಿಂದೆ, ಪೂರ್ವ ಎಡಗೈಗೆ.
ಆ ಪಟ್ಟಿಯಲ್ಲಿ ನಮ್ಮ ಆಯ್ಕೆ ಇಲ್ಲ.

ಏಪ್ರಿಲ್‌ನಲ್ಲಿ ಮಂದಲ್‌ಗೋವಿಗೆ ಒಬ್ಬಳು ಹತ್ತಿದಳು,
ಹೆಸರು ನಂದಿನ್‌ಚಿಮೆಗ್,
ಮೂರು ವರ್ಷ ಜಪಾನಿನಲ್ಲಿ ಮೀನು ಕೊಯ್ದು ಬಂದವಳು.
ಕಾರು ಶುರುವಾದದ್ದೇ ತಡ, ಬಿದ್ದು ಬಿದ್ದು ನಕ್ಕಳು.
‘ಟೋಲ್ ಕಾರ್ಡ್ ಹಾಕಿಲ್ಲವಂತೆ, ಹಾಕಬೇಕಂತೆ.’
‘ಅಷ್ಟೇನಾ?’
‘ಅಷ್ಟೇ.’
ಒಂದು ಪೆಟ್ರೋಲ್ ಬಂಕ್ ದಾಟುವವರೆಗೆ ನಾನು ಮಾತಾಡಲಿಲ್ಲ.

ಅವಳು ಬೆರಳಾಡಿಸುತ್ತ ಓದಿದಳು.
ತಪ್ಪಿಸಬೇಕಾದವು: ಟೋಲ್ ರಸ್ತೆ, ಹಡಗು ದಾಟು.
ಇತ್ತೀಚೆಗೆ ಹೋದ ಜಾಗಗಳು: ಗಾಳದ ಅಂಗಡಿ,
ಹಲ್ಲಿನ ಡಾಕ್ಟರು, ಗಾಳದ ಅಂಗಡಿ, ಒಂದು ದೀಪಸ್ತಂಭ,
ಮತ್ತೆ ಗಾಳದ ಅಂಗಡಿ.
‘ಪಾಪ, ಮೀನು ಸಿಗಲಿಲ್ಲ ಅನ್ನಿಸುತ್ತೆ.’
ಕೊನೆಗೆ ಪುಟ್ಟ ಚಾವಣಿಯ ಚಿತ್ರ: ಮನೆ.
ತಮಾಷೆಗೆ ಒತ್ತಿದಳು.
ಬೂದು ಬಯಲಿನಲ್ಲಿ ಒಂದು ಕೆಂಪು ಗೆರೆ ಎದ್ದಿತು:
ನೀಗಾತ, ಎರಡು ಸಾವಿರದ ಎಂಟುನೂರು ಕಿಲೋಮೀಟರ್.
ತಲುಪುವ ಹೊತ್ತಿನ ಜಾಗದಲ್ಲಿ ಬರೀ ಅಡ್ಡಗೀಟು.

ರಸ್ತೆ ರಿಪೇರಿಯೆಂದು ಡಾಂಬರು ಬಿಟ್ಟು
ಮಣ್ಣಿನ ಜಾಡಿಗೆ ಇಳಿದಿದ್ದೆವು, ಧೂಳು ಬಂತು.
ಹಳದಿ, ಆಮೇಲೆ ಕಂದು, ಆಮೇಲೆ
ಬಾನೆಟ್ಟೂ ಕಾಣಲಿಲ್ಲ.
ಫೋನಿಗೆ ನೆಟ್‌ವರ್ಕ್ ಇಲ್ಲ. ನಿಂತರೆ ಹೂತುಹೋಗುತ್ತೇವೆ,
ಹೋದರೆ ಎಲ್ಲಿಗೆ?

ಕೆಂಪು ಗೆರೆ ಅಲುಗಿರಲಿಲ್ಲ.
ನಾನು ಎತ್ತ ತಿರುಗಿಸಿದರೂ ಅದು
ಆ ಮನೆಯ ಕಡೆಗೇ ಬೆರಳು ಮಾಡಿತ್ತು.
‘ಇದು ಪೂರ್ವ, ಚೂರು ಮುಂದಕ್ಕೆ’ ಎಂದೆ,
‘ಇದನ್ನು ಎಡಭುಜಕ್ಕೆ ಹಿಡಿದುಕೊಂಡರೆ ನಾವು ಮುಂದೆ.’
ಅವಳು ಗೆರೆ ನೋಡಿದಳು, ನಾನು ಏನೂ ನೋಡಲಿಲ್ಲ.
‘ಎಡಕ್ಕೆ ಜಾರುತ್ತಿದೆ... ಸರಿ... ಸಾಕು.’
ಎರಡು ಗಂಟೆ ಅವಳೇ ನನ್ನ ಒಳಗಿನ ಹೆಂಗಸು.

ಮಂದಲ್‌ಗೋವಿಯ ನೀರಿನ ಟ್ಯಾಂಕಿಯ ಕೆಳಗೆ ಇಳಿದು
ಹಲ್ಲಿನ ಮಣ್ಣು ಉಗಿದು, ದುಡ್ಡು ಎಣಿಸಿ ಕೊಟ್ಟಳು.
ಐದು ಸಾವಿರ ತೊಗ್ರೊಗ್ ಕಡಿಮೆ ಇತ್ತು.
ದಾರಿ ತೋರಿಸಿದ ಕೂಲಿ, ಎಂದಳು.

ಅಡ್ಡಗೀಟುಗಳು ಹಾಗೇ ಇವೆ, ನಾನು ಅಳಿಸಿಲ್ಲ.
ಇವತ್ತು ಬೆಳಿಗ್ಗೆಯೂ ಅವ್ವ ಸೌಟು ಹಿಡಿದು ಬಂದಳು.
ಒಳಗಿನಿಂದ ಕಾರ್ಡ್ ಹಾಕಿಲ್ಲವೆಂದಿತು.
‘ಏನಂತಾಳೋ, ಗೊತ್ತಾಯಿತೇನು?’ ಅವ್ವ ಕೇಳಿದಳು.
‘ಹಾಲು ಸಾಲದಂತೆ’ ಅಂದೆ.
ಒಳಗೆ ಹೋಗಿ ಇನ್ನೊಂದು ಸೌಟು ತಂದಳು.