ನಲವತ್ತೊಂದನೇ ಪುಟ

ಭದ್ರಾವತಿಯ ಪೇಪರ್ ಟೌನಿನಲ್ಲಿ
ಕಾಗದಕ್ಕೆ ಬರ ಅಂದರೆ ನಗುತ್ತಾರೆ.
ಮಿಲ್ಲು ನಿಂತ ಮೇಲೆ ನಮಗೆ ಸಿಕ್ಕಿದ್ದು
ರುಬೀನಾಳ ಅಬ್ಬಾ ಅಟ್ಟದಿಂದಿಳಿಸಿದ
ಹಳೇ ಹಾಜರಿ ಪುಸ್ತಕಗಳ ರಟ್ಟು.

ಎರಡು ಬೆರಳಗಲ ಕತ್ತರಿಸಿ, ತುದಿಗೆ ತೂತು,
ತೂತಿಗೆ ಉಲ್ಲನ್ ದಾರ.
‘ಒಂದೇ ಸಾಲು’ ಅಂದರು ಮೇಷ್ಟ್ರು,
‘ಓದಿದವರು, ಓದದವರಿಗೆ.’

ಫಿಲೋಮಿನಾ ಬರೆದಳು: ಅಳು ಬಂದರೆ ನಾನು ಜವಾಬ್ದಾರಿ ಅಲ್ಲ.
ತಿಪ್ಪೇಶ: ಇದರಲ್ಲಿ ಹುಲಿ ಇದೆ.
ಹುಲಿಯ ಕೆಳಗೆ ಎರಡು ಗೆರೆ.
ನಾನು ‘ತುಂಬಾ ಚೆನ್ನಾಗಿದೆ’ ಎಂದು ಬರೆದು
ನಾಚಿ, ಮೇಲೊಂದು ಹೂವು ಬಿಡಿಸಿ ಮುಚ್ಚಿದೆ.

ಹಾಲೇಶ ರಟ್ಟಿನ ಅಂಚು ಕಚ್ಚುತ್ತಲೇ ಕೂತ.
ಬೆಲ್ಲು ಹೊಡೆಯುವಾಗ ಬರೆದ:
ನಲವತ್ತೊಂದನೇ ಪುಟದ ತನಕ ಓದಿದ್ದೀನಿ.
ದೋಣಿ ಇನ್ನೂ ಹೊಳೆ ನಡುವೆ ಇದೆ.
ಯಾರಾದರೂ ಓದಿ ಹೇಳ್ರೋ.

ಹುಲಿಯನ್ನು ಯಾರೂ ಕೇಳಲಿಲ್ಲ ಆಮೇಲೆ.
ದೋಣಿಗೆ ಪಾಳಿ.
ಊಟದ ಡಬ್ಬಿಯ ಪಕ್ಕ, ಬಸ್ಸಿನ ಸೀಟಿನಲ್ಲಿ,
ಒಮ್ಮೆ ಗಣಿತದ ಪುಸ್ತಕದ ಒಳಗೆ.

ದೀಪಾವಳಿ ರಜೆ ಕಳೆದು ವಾಪಸ್ ಬಂತು
ಬೆನ್ನು ಬಿರಿದು, ಎಣ್ಣೆ ಕಲೆ ಹೊತ್ತು.
ರಟ್ಟು ಇದ್ದಲ್ಲೇ ಇತ್ತು, ನಲವತ್ತೊಂದರಲ್ಲಿ.
ಹಾಲೇಶನ ಸಾಲಿನ ಕೆಳಗೆ
ಏಳು ಜನರ ಕೈಬರಹ,
ಒಂದರಲ್ಲಿ ಕಾಗುಣಿತ ತಪ್ಪು,
ಏಳರಲ್ಲೂ ಒಂದೇ ಮಾತು:
ಹೇಳಲ್ಲ ಹೋಗು.