ದೂರು ನಲವತ್ತೊಂದು

ಗೆದ್ದ ದಿನ ತೀನ್ ಕಂದೀಲಿನಲ್ಲಿ
ಪಟಾಕಿ ಹಚ್ಚಿಸಿದವರು ಡಾಕ್ಟರ್ ಅಮರೇಗೌಡರು.
ಸ್ಕೂಟರಿನಲ್ಲಿ ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೆ ತಿರುಗಿ
"ನಮ್ಮ ಹುಡುಗಿ ಅದಾಳ, ಹಾಕ್ರಿ,
ರಾಯಚೂರೂ ಒಂದು ಊರಂತ ಕೌನ್ಸಿಲ್ಲಿಗೆ ಗೊತ್ತಾಗ್ಲಿ"
ಎಂದು ವೋಟು ಕೂಡಿಸಿದ್ದರು.

ಈಗ ನನ್ನ ಮೇಜಿನ ಮೇಲೆ
ದೇವಸೂಗೂರಿನ ಮಾಬೂಬಿಯ ಹೆಬ್ಬೆಟ್ಟು.
ನೋಟ್‌ಬುಕ್ಕಿನ ಹಾಳೆ, ಕಿರಿಮಗಳ ಅಕ್ಷರ:
'ಅಕ್ಕನ ಹೊಟ್ಟಿ ಕೊಯ್ದ ಮ್ಯಾಲೆ
ರಾತ್ರಿ ಯಾರೂ ಬಂದು ನೋಡಲಿಲ್ಲ.'
ಮಡಿಕೆಯೊಳಗೆ ಥರ್ಮಲ್ಲಿನ ಬೂದಿ, ಸಣ್ಣಗೆ.

ನಿನ್ನೆ ಬಂದರು. ಕೇಸಿನ ಮಾತಿಲ್ಲ.
"ಬಿಸಲು ನೋಡವ್ವ, ಎಂಟಾದ್ರೂ ಗ್ವಾಡಿ ಸುಡ್ತಾವ,"
ತೋಳು ಮಡಚಿ ಕೈ ಚಾಚಿದರು,
"ಬಿ.ಪಿ. ನೋಡು."

ಇದೇ ಕೈ ನನಗೆ ಹೊಲಿಗೆ ಕಲಿಸಿದ್ದು.
ಎರಡನೇ ಗಂಟು ಮೊದಲನೇದನ್ನ ನಂಬಬಾರದು,
ಅನ್ನುತ್ತಿದ್ದರು.

ಪಟ್ಟಿ ಬಿಗಿದೆ. ಪಾದರಸ ಏರಿತು, ಇಳಿಯುತ್ತ
ನೂರ ಎಪ್ಪತ್ತಕ್ಕೆ ಬಡಿಯತೊಡಗಿತು.
ಹೇಳಿದೆ.
"ಸರಿಯಾಗಿ ನೋಡಿದಿ?"
ಇನ್ನೊಮ್ಮೆ ನೋಡಿದೆ.
ಅಷ್ಟೇ ಇತ್ತು.

ಗುಳಿಗೆ ಬರೆದುಕೊಟ್ಟೆ, ಉಪ್ಪು ಬಿಡಿ ಅಂದೆ.
ಏಳುವಾಗ ಫೀಸು ಇಟ್ಟರು,
ಇಷ್ಟು ವರ್ಷದಲ್ಲಿ ಮೊದಲ ಸಲ,
ಎರಡು ನೂರರ ನೋಟು, ಮಡಚದೆ.

ಬೇಡ ಸರ್, ಅನ್ನಬೇಕಿತ್ತು.
ಬಾಯಿ ಬರಲಿಲ್ಲ.