ಇಪ್ಪತ್ತೈದು ಮನೆ

ನಿವೃತ್ತಿಗೆ ಹನ್ನೊಂದು ದಿನ ಇದ್ದಾಗ
ಬಂದಳು ನೀಲವ್ವ,
ಪ್ಲಾಸ್ಟಿಕ್ಕಿನೊಳಗೇ ಹಳದಿಯಾದ ಅಂಕಪಟ್ಟಿ ಹಿಡಿದು.
'ಮೇಡಂ, ನನ್ನ ಅಡ್ಡೆಸರು ಅರ್ಧಕ್ಕ ಕಡದೈತಿ ನೋಡ್ರಿ.'

ನೋಡಿದೆ.
ನೀಲವ್ವ ಶರಣಪ್ಪ ಇಂಗಳ್.
ಈಶ್ವರ ಇರಲಿಲ್ಲ.

'ಸಾಲಿ ಹುಡುಗರು ಇಂಗಳ ಟೀಚರ್ ಅಂತಾರ್ರಿ.
ಇಂಗಳ ಅಂದ್ರ ಕೆಂಡ, ಅಂಜತಾರ.
ಅದಕ್ಕೇನ ಬ್ಯಾಸರಿಲ್ಲ.
ಬಡ್ತಿ ಕಾಗದಕ್ಕ ಒಪ್ಪವಲ್ರು.'

ತೊಂಬತ್ತೈದರ ಮಾತು. ಊರು ಇನ್ನೂ ಬಿಜಾಪುರ.
ಇಡೀ ವಿಶ್ವವಿದ್ಯಾಲಯಕ್ಕೆ ಒಂದೇ ತಂಪು ಕೋಣೆ,
ಅದೂ ಯಂತ್ರಕ್ಕೆ. ಚಪ್ಪಲಿ ಹೊರಗೆ.
ಮೇ ತಿಂಗಳು ಬಂತೆಂದರೆ ಲೆಕ್ಕಪತ್ರದ ಗುಮಾಸ್ತರು,
ಕುಲಸಚಿವರ ಡ್ರೈವರು,
ಕಂಪ್ಯೂಟರ್ ಕಲಿಯುವ ನೆಪದಲ್ಲಿ
ಗೋಡೆಗೆ ಬೆನ್ನು ಹಚ್ಚಿ ಕೂಡುತ್ತಿದ್ದರು.
ಒಬ್ಬರಿಗೂ ಕಲಿಸಲಿಲ್ಲ ನಾನು.
ಒಬ್ಬರನ್ನೂ ಎಬ್ಬಿಸಲೂ ಇಲ್ಲ.

ಡಿಸ್ಕು ಸಣ್ಣದು, ಮಂದಿ ಬಹಳ.
ಒಂದು ಹೆಸರಿಗೆ ಎಷ್ಟು ಮನೆ ಕೊಡುವುದು?
ನನ್ನದನ್ನೇ ಇಂಗ್ಲಿಷಿನಲ್ಲಿ ಹೊಡೆದು ನೋಡಿದೆ:
ಶಮಶಾದ, ಒಂದು ಖಾಲಿ, ಮುಜಾವರ.
ಹದಿನಾರಕ್ಕೇ ಮುಗಿಯಿತು.
ಇಪ್ಪತ್ತೈದು ಧಾರಾಳ ಆಯಿತು ಅಂದೆ.
ಆಗಿತ್ತು, ನನಗೆ.

ಆಮೇಲೆ ಬಾಗಿಲ ಫಲಕ ನಾಲ್ಕು ಸಲ ಬದಲಾಯಿತು,
ಅದೇ ಮೊಳೆಗಳಿಗೆ.
ಆಪರೇಟರ್ ಹೋಗಿ ಕಡೆಗೆ ನಿರ್ದೇಶಕಿ.
ಫಲಿತಾಂಶದ ರಾತ್ರಿ ಸರ್ವರಿನ ಪಕ್ಕ ಚಾಪೆ;
ಒಂದು ರಮಜಾನಿನಲ್ಲಿ ಸಹರಿಗೆ ಎಬ್ಬಿಸಿದ್ದು
ಯುಪಿಎಸ್ಸಿನ ಕೂಗು.
ಕುಲಪತಿಗಳು ಏಳು ಮಂದಿ ಬಂದು ಹೋದರು,
ಡಿಜಿಟಲ್ ಎಂಬ ಮಾತನ್ನು ಪ್ರತಿಯೊಬ್ಬರೂ
ತವರಿನಿಂದ ತಂದ ಬುತ್ತಿಯ ಹಾಗೆ ಬಿಚ್ಚಿದರು.
ಬೆಳಗಾವಿಯ ಸಭೆಯಲ್ಲಿ ಶಾಲು, ಹಾರ, ಫಲಕ.
ಫಲಕದಲ್ಲಿ ನನ್ನ ಹೆಸರು ಪೂರ್ತಿ ಇತ್ತು.

ಹೊಸ ಯಂತ್ರ ಬಂದಾಗಲೆಲ್ಲ
ಹಳೆಯ ಹೆಸರುಗಳನ್ನು ಕೊಡದಿಂದ ಕೊಡಕ್ಕೆ ಸುರುವಿದೆ.
ಒಂದು ಹನಿಯೂ ಚೆಲ್ಲಿಲ್ಲ ಎಂದು ವರದಿ ಬರೆದೆ.
ಸುಳ್ಳಲ್ಲ.
ಚೆಲ್ಲಿದ್ದು ಮೊದಲೇ.

ಈಗ ಅದೇ ಜಾಗಕ್ಕೆ ನೂರು ಮನೆ.
ಆರು ಅಕ್ಷರ ಹೊಡೆಯಲು ಎಷ್ಟು ಹೊತ್ತು?
ಅರ್ಜಿಯಲ್ಲಿ 'ದೋಷದ ಕಾರಣ' ಅಂತೊಂದು ಸಾಲು.
'ವಿದ್ಯಾರ್ಥಿಯ ನಿರ್ಲಕ್ಷ್ಯ' ಎಂದು ಬರೆಯುವುದು ಇಲ್ಲಿನ ರೂಢಿ,
ರೂಢಿ ಹಾಕಿದವಳೂ ನಾನೇ.
ಪೆನ್ನು ಹಿಡಿದು ಕೂತೆ.
'ತಪ್ಪು ನನ್ನದವ್ವಾ' ಅಂದೆ. ಆಕೆ ನಕ್ಕಳು,
ದೊಡ್ಡವರು ಹಾಗೆ ಅನ್ನುವುದುಂಟಲ್ಲ, ಹಾಗೆ ಅಂದೆನೆಂದು.
'ಫೀ ಎಷ್ಟ್ರಿ?'

ಆಮೇಲೆ, ಯಾಕೋ,
ಇಪ್ಪತ್ತೈದೂ ಮನೆ ತುಂಬಿ ನಿಂತ ಹೆಸರುಗಳನ್ನು ಹುಡುಕು ಅಂದೆ ಯಂತ್ರಕ್ಕೆ.
ಪರದೆ ಓಡತೊಡಗಿತು.
ಬಬಲೇಶ್, ಹಿಪ್ಪರ, ಮುದ್ದೇಬಿಹಾ, ಕೊಲ್ಹಾ...
ಸಾವಿರ ದಾಟಿತು, ಎರಡು ಸಾವಿರ.
ಹನ್ನೊಂದು ದಿನ.

ನೀಲವ್ವ ಅಷ್ಟರಲ್ಲಿ ಚಪ್ಪಲಿ ಹೊರಗೆ ಬಿಟ್ಟು ಬಂದು
ಗೋಡೆಗೆ ಬೆನ್ನು ಹಚ್ಚಿ ಕೂತಿದ್ದಳು.
'ಎಷ್ಟ ತಂಪೈತ್ರಿ ಇಲ್ಲಿ' ಅಂದಳು.